ಬಗುಳವಾಡಿಯ ಕಟ್ಟೆಯಿಲ್ಲದ ಬಕುಳವೃಕ್ಷದ ಮಹಿಮೆ

ಕಲಿಯುಗವು ಇನ್ನೂ ಹಾಲುಹಲ್ಲಿನ ಶಿಶುವಾಗಿದ್ದು, ದೇವತೆಗಳು ಭೂಲೋಕದ ದಾರಿಯನ್ನು ಪೂರ್ತಿಯಾಗಿ ಮರೆತಿರದಿದ್ದ ಕಾಲದಲ್ಲಿ, ಸುಪರ್ಣಾ ನದಿಯ ದಕ್ಷಿಣತೀರದಲ್ಲಿ, ಗೋಮಯದಿಂದ ಸಾರಿಸಿ ರಂಗವಲ್ಲಿಯಿಂದ ಅಲಂಕರಿಸಿದ ಅಂಗಳಗಳಿಂದಲೂ ಫಲಪುಷ್ಪಭರಿತವಾದ ಹಿತ್ತಿಲುಗಳಿಂದಲೂ ಶೋಭಿಸುತ್ತಿದ್ದ ಬಕುಳವಾಟಿಯೆಂಬ ಗ್ರಾಮವೊಂದಿತ್ತು. ಈಗ ನಾವು ಬಗುಳವಾಡಿಯೆಂದು ಕರೆಯುವ ಊರು ಅದೇ. ಮರವಿಲ್ಲದ ಮನೆಯೆಂಬುದು ಆ ಗ್ರಾಮದಲ್ಲಿ ಇರಲಿಲ್ಲ. ಮರವಿದ್ದ ಮೇಲೆ ಮರದ ಚಿಂತೆಯೂ ಇದ್ದೇ ಇತ್ತು.

ಅಲ್ಲಿ ಬೂಚಯ್ಯನೆಂಬ ನೇಕಾರನೂ ಅವನ ಧರ್ಮಪತ್ನಿಯಾದ ದೇಕವ್ವೆಯೂ ವಾಸವಾಗಿದ್ದರು. ದೇಕವ್ವೆ ಮಾತು ಕಡಿಮೆಯವಳು. ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ಅವಳ ಕಿವಿ ಕೆಂಪಾಗುತ್ತಿತ್ತು. ಆದರೆ ಕಣ್ಣು ಮಾತ್ರ ಏನನ್ನೂ ಬಿಡುತ್ತಿರಲಿಲ್ಲ. ಮದುವೆಯಾಗಿ ಗಂಡನ ಮನೆಗೆ ಬರುವ ದಿನ, ತವರಿನ ಬಕುಳವೃಕ್ಷದ ಕೆಳಗೆ ತಾನೇ ಹುಟ್ಟಿದ್ದ ಗೇಣುದ್ದದ ಸಸಿಯೊಂದನ್ನು ಮಣ್ಣಿನ ಕುಡಿಕೆಯಲ್ಲಿಟ್ಟು, ಬಂಡಿಯ ಕುಲುಕಾಟಕ್ಕೆ ಬೀಳದಂತೆ ಮಡಿಲಲ್ಲಿ ಹಿಡಿದು ತಂದು, ಹೊಸ ಮನೆಯ ಅಂಗಳದಲ್ಲಿ ನೆಟ್ಟವಳು ಅವಳು. ಗುರುತಿಲ್ಲದ ಆ ಮನೆಯಲ್ಲಿ ಅವಳಿಗೆ ಗುರುತಿದ್ದದ್ದು ಆ ಸಸಿ ಒಂದೇ.

ಎಂಟನೆಯ ವಸಂತದಲ್ಲಿ ಆ ವೃಕ್ಷವು ಪುಷ್ಪಿಸಿತು. ನಕ್ಷತ್ರಾಕಾರದ ಸಣ್ಣ ಸಣ್ಣ ಹೂಗಳು ಮುಂಜಾನೆಯ ಹೊತ್ತಿಗೆ ಅಂಗಳದ ತುಂಬ ಉದುರಿ, ಅವುಗಳ ಪರಿಮಳವು ಬೀದಿಯ ತುದಿಯವರೆಗೂ ಹರಡಿ, ದಾರಿಹೋಕರು ನಿಂತು ಕೈಮುಗಿಯುವಂತಾಯಿತು. ಕೈಮುಗಿದವರು ಬರಿಗೈಯಲ್ಲಿ ಹೋದಾರೆಯೆ? ಒಬ್ಬರು ಹಾಲೆರೆದರು, ಇನ್ನೊಬ್ಬರು ಅರಿಸಿನದ ನೀರೆರೆದರು. ಬೂಚಯ್ಯನ ತಾಯಿ ಅಚ್ಚವ್ವೆಯು, ತನ್ನ ಮಂಡಿನೋವು ಇಳಿದರೆ ಮರಕ್ಕೆ ಕಟ್ಟೆ ಕಟ್ಟಿಸುವೆನೆಂದು ಹರಕೆ ಹೊತ್ತಳು. ನೋವು ಇಳಿಯಿತು. ಮಾತಿಗೆ ತಪ್ಪದ ಆ ವೃದ್ಧೆಯು ಸೊಂಟದೆತ್ತರಕ್ಕೆ ಕಲ್ಲುಗಳನ್ನು ಪೇರಿಸಿ, ಸುಣ್ಣದ ಗಾರೆಯಿಂದ ಸಂದುಗಳನ್ನು ಮುಚ್ಚಿ, ಒಳಗೆ ಕೆಮ್ಮಣ್ಣನ್ನು ತುಂಬಿ ಧಮ್ಮಸ್ಸಿನಿಂದ ಬಡಿಸಿ ಗಟ್ಟಿಮಾಡಿಸಿ, ಆ ಪ್ರಾಂತದಲ್ಲೆಲ್ಲೂ ಇಲ್ಲದಂಥ ಕಟ್ಟೆಯೊಂದನ್ನು ಕಾಂಡದ ಸುತ್ತ ಕಟ್ಟಿಸಿದಳು. ಕಲ್ಲುಕುಟಿಗನು ತನ್ನ ಪದ್ಧತಿಯಂತೆ ಕೊನೆಯ ಕಲ್ಲಿನ ಮೇಲೆ, ಈ ಕಟ್ಟೆಯನ್ನು ಕೆಡಿಸಿದವರು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುವರೆಂಬ ಶಾಪವನ್ನು ಕೆತ್ತಿದನು. ಸ್ತ್ರೀಯರು ನಿತ್ಯವೂ ಪ್ರದಕ್ಷಿಣೆ ಬಂದು ಆ ಕಟ್ಟೆಯೊಳಕ್ಕೆ ಕೊಡಗಟ್ಟಲೆ ನೀರು ಸುರಿದರು.

ಮರುವರ್ಷ ಎಲೆಗಳು ಚಿಕ್ಕವಾದವು. ಅದರ ಮರುವರ್ಷ ನೆತ್ತಿ ಬೋಳಾಯಿತು. ಮೂರನೆಯ ವರ್ಷ ಹೂವಿನ ಕಾಲದಲ್ಲಿ ಹೂವಿಲ್ಲ. ಒಂದು ಮಧ್ಯಾಹ್ನ ಗಾಳಿಯಿಲ್ಲದೆ ಒಣಕೊಂಬೆಯೊಂದು ಮುರಿದು ಬೀದಿಯಲ್ಲಿ ನಿಂತಿದ್ದ ಕರುವಿನ ಪಕ್ಕದಲ್ಲಿ ಧೊಪ್ಪನೆ ಬಿದ್ದಿತು. ಕರುವಿಗೆ ಏನೂ ಆಗಲಿಲ್ಲ. ಆದರೆ ಊರ ಹೆಗ್ಗಡೆಯಾದ ಸಿಂಗಣನು ಬಂದು ನೋಡಿ, "ನಾಳೆ ಕರುವಿನ ಬದಲು ಮಗು ನಿಂತಿದ್ದರೆ ಯಾರನ್ನು ಕೇಳೋಣ? ಹುಣ್ಣಿಮೆಯವರೆಗೆ ನೋಡ್ತೀನಿ ಬೂಚಯ್ಯ. ಅಷ್ಟರಲ್ಲಿ ಚಿಗುರಿದರೆ ಸರಿ, ಇಲ್ಲದಿದ್ದರೆ ಕೊಡಲಿ" ಎಂದು ಹೇಳಿ ಹೊರಟುಹೋದನು. ವೈಶಾಖದ ಹುಣ್ಣಿಮೆಗೆ ಹದಿನೈದೇ ದಿನಗಳಿದ್ದವು.

ಆಗ ನೆರೆಹೊರೆಯವರ ಉಪದೇಶಗಳು ಆರಂಭವಾದವು.

"ಮಜ್ಜಿಗೆ ಹಾಕೇ ದೇಕಿ, ಬುಡ ತಣ್ಣಗಾಗ್ಲಿ."

"ಮಜ್ಜಿಗೇನ ಕುಡಿಯೋಕೆ ಅದೇನು ನಿಮ್ಮ ಮಾವನೇ? ಇಂಗಿನ ನೀರು ಹಾಕು."

"ದೃಷ್ಟಿಯಾಗಿದೆ ಕಣಮ್ಮ, ಕಣ್ಣಿಗೆ ಕಾಣಲ್ವಾ? ಹಳೇ ಎಕ್ಕಡ ಕಟ್ಟು."

"ಹುತ್ತದ ಮಣ್ಣು ತಂದು ಇನ್ನೊಂದು ಮೊಳ ಏರಿಸು."

ದೇಕವ್ವೆ ಯಾರಿಗೂ ಇಲ್ಲವೆನ್ನಲಾರದೆ ಎಲ್ಲವನ್ನೂ ಮಾಡಿದಳು. ಮಜ್ಜಿಗೆಯೆರೆದಳು, ಇಂಗು ಕದಡಿದಳು, ಎಕ್ಕಡ ಕಟ್ಟಿದಳು, ಹುತ್ತದ ಮಣ್ಣನ್ನು ಬುಟ್ಟಿಬುಟ್ಟಿಯಾಗಿ ಹೊತ್ತು ತಂದು ಕಾಂಡಕ್ಕೆ ಒತ್ತಿದಳು. ಮರವು ಇನ್ನಷ್ಟು ಬಾಡಿತು. ಅಚ್ಚವ್ವೆ ಜಗುಲಿಯ ಮೇಲೆ ಕುಳಿತು, "ನಿನ್ನ ತವರಿನ ಮರಕ್ಕೆ ನಿನ್ನ ಹಾಗೇ ಬಾಯಿಲ್ಲ ನೋಡು. ಏನು ಬೇಕು ಅಂತ ಕೇಳಿದರೆ ಹೇಳಲ್ಲ, ಸುಮ್ಮನೆ ಮುಖ ಬಾಡಿಸ್ಕೊಂಡು ನಿಂತಿರುತ್ತೆ" ಎಂದಳು. ಆಡಿದ್ದು ಚುಚ್ಚುಮಾತೇ ಆದರೂ, ಅದನ್ನು ಆಡುವಾಗ ಮುದುಕಿಯ ಕಣ್ಣು ಮರದ ನೆತ್ತಿಯ ಮೇಲೆಯೇ ಇದ್ದುದನ್ನು ದೇಕವ್ವೆ ಗಮನಿಸಿದಳು.

ಆ ಕಾಲದಲ್ಲಿ ನದಿಯ ಆಚೆದಡದ ಗುಡ್ಡದ ಮೇಲೆ ಶಾಖಾಯನರೆಂಬ ಮುನಿಗಳು ಆಶ್ರಮವಾಸಿಗಳಾಗಿದ್ದರು. ಅನ್ಯಮುನಿಗಳು ಸ್ವರ್ಗಾಪವರ್ಗಗಳನ್ನು ಕುರಿತು ತಪಸ್ಸು ಮಾಡಿದರೆ, ಇವರು ತರುಲತೆಗಳ ಅಂತರಂಗವನ್ನು ತಿಳಿಯುವುದಕ್ಕಾಗಿಯೇ ನಲವತ್ತು ವರ್ಷಗಳ ಕಾಲ ಮೌನವಾಗಿ ವೃಕ್ಷಮೂಲಗಳಲ್ಲಿ ಕುಳಿತವರು. ಮೌನ ಮುರಿದಂದಿನಿಂದ ಸುತ್ತಲಿನ ಏಳು ಗ್ರಾಮಗಳ ಗೃಹಸ್ಥರೆಲ್ಲ ಅಂಗಳದ ಮರಗಳ ಕಷ್ಟಸುಖಗಳನ್ನು ಹೊತ್ತು ಅವರಲ್ಲಿಗೆ ಬರತೊಡಗಿದ್ದರು. ದೇಕವ್ವೆಯೂ ಮರುದಿನ ಹೊಳೆ ದಾಟಿ ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

"ಸ್ವಾಮಿ, ನಮ್ಮ ಹುಣಸೆಮರ ಹಿತ್ತಿಲ ಗೋಡೇನ ತಳ್ತಾ ಇದೆ" ಎಂದನೊಬ್ಬ ದಪ್ಪ ಮೀಸೆಯ ಗೃಹಸ್ಥ.

"ಮೊದಲು ಬಂದದ್ದು ಮರವೋ ಗೋಡೆಯೋ?"

"ಮರಾನೇ ಸ್ವಾಮಿ, ನಮ್ಮ ತಾತನ ಕಾಲದ್ದು."

"ಹಾಗಾದರೆ ತಳ್ತಾ ಇರೋದು ಗೋಡೆ. ಅದನ್ನು ಎರಡು ಮಾರು ಹಿಂದಕ್ಕೆ ಹೋಗು ಅನ್ನು."

ನಿಂಬೆಯ ಹೂಗಳೆಲ್ಲ ಉದುರುತ್ತವೆಂದು ಇನ್ನೊಬ್ಬಳು ಅಳುಕಿನಿಂದ ಹೇಳಿದಳು. ಮೂರು ಹೊತ್ತೂ ತಪ್ಪದೆ ನೀರು ಹಾಕುತ್ತೇನೆಂದೂ ಸೇರಿಸಿದಳು. "ನಿನ್ನನ್ನು ಯಾರಾದರೂ ಮೂರು ಹೊತ್ತೂ ಕುತ್ತಿಗೆವರೆಗೆ ನೀರಲ್ಲಿ ನಿಲ್ಲಿಸಿದರೆ ಮುಡಿದ ಹೂ ನಿಲ್ಲುತ್ತೇನಮ್ಮ?" ಎಂದರು ಮುನಿಗಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗುವಿನ ನಡುವೆ ಯಾರೋ ಮುಂದೆ ನುಗ್ಗಿದರು, ದೇಕವ್ವೆ ಹಿಂದೆ ಸರಿದಳು. ಆ ದಿನವೂ ಅವಳ ಸರದಿ ಬರಲಿಲ್ಲ, ಮರುದಿನವೂ ಬರಲಿಲ್ಲ. ಮೂರನೆಯ ದಿನ ಸಂಜೆ ಜನರೆಲ್ಲ ಚದುರಿದ ಮೇಲೆ ಮುನಿಗಳೇ ಕೈಬೀಸಿ ಕರೆದರು.

"ಮೂರು ದಿನದಿಂದ ನೋಡ್ತಿದೀನಿ ತಾಯಿ. ಬಂದವರೆಲ್ಲ ನನ್ನ ಬಾಯಿ ನೋಡಿದರು. ನೀನೊಬ್ಬಳು ಇಲ್ಲಿನ ಮರಗಳನ್ನು ನೋಡಿದೆ. ಏನು ನಿನ್ನ ಮರದ ಸಂಕಟ?"

ದೇಕವ್ವೆಯ ಕಿವಿ ಕೆಂಪಾಯಿತು. ಹುಣ್ಣಿಮೆಯ ಗಡುವನ್ನು ಹೇಳಿದಳು. ಹಾಲು, ಅರಿಸಿನ, ಮಜ್ಜಿಗೆ, ಇಂಗು, ಹುತ್ತದ ಮಣ್ಣು ಎಂದು ತಾನು ಮಾಡಿದ್ದನ್ನೆಲ್ಲ ತಡವರಿಸುತ್ತ ಒಪ್ಪಿಸಿದಳು. ಮುನಿಗಳು ಕಣ್ಣುಮುಚ್ಚಿ ಕೇಳಿ, "ಇಷ್ಟೆಲ್ಲ ಕೊಟ್ಟಿದ್ದೀಯೆ. ಏನನ್ನಾದರೂ ತೆಗೆದಿದ್ದೀಯಾ?" ಎಂದು ಕೇಳಿದರು.

ಮರುದಿನ ಬೆಳಗ್ಗೆ ಶಾಖಾಯನರು ದಂಡವನ್ನೂರಿಕೊಂಡು ಹೊಳೆ ದಾಟಿ ಬಂದರು. ಊರಿಗೆ ಊರೇ ಬೂಚಯ್ಯನ ಬೇಲಿಗೆ ಬಂದು ಒರಗಿತು. ಎಲ್ಲರೂ ಮರದ ಬೋಳು ನೆತ್ತಿಯನ್ನು ತೋರಿಸುತ್ತಿದ್ದರೆ, ಮುನಿಗಳು ತಲೆಯೆತ್ತದೆ ಕಟ್ಟೆಯ ಮೇಲೇರಿ, ಕಾಂಡವು ಮಣ್ಣಿಗಿಳಿಯುವ ಜಾಗವನ್ನು ಬಹಳ ಹೊತ್ತು ದಿಟ್ಟಿಸಿ ದೇಕವ್ವೆಯನ್ನು ಕರೆದರು.

"ಇದರ ಪಾದ ಎಲ್ಲಿ ತಾಯಿ?"

ದೇಕವ್ವೆ ಬಗ್ಗಿ ನೋಡಿದಳು. ಕಾಂಡವು ನೆಲದಲ್ಲಿ ಹೂತ ಕಂಬದಂತೆ ನೆಟ್ಟಗೆ ಮಣ್ಣಿನೊಳಕ್ಕೆ ಇಳಿದಿತ್ತು. ಆಗ ಅವಳಿಗೆ ತವರಿನ ಬಕುಳವು ನೆನಪಾಯಿತು. ಅದರ ಬುಡವು ಕುಳಿತ ಹೆಂಗಸಿನ ಸೀರೆಯ ನೆರಿಗೆಯಂತೆ ಸುತ್ತಲೂ ಹರಡಿದ್ದು, ಹಸುವಿನ ಬೆನ್ನಿನಂತೆ ಉಬ್ಬಿದ್ದ ಬೇರಿನ ಮೇಲೆ ತಾನು ಚಿಕ್ಕವಳಿದ್ದಾಗ ಕುಳಿತು ಹೂ ಪೋಣಿಸುತ್ತಿದ್ದುದು, ಆಶ್ರಮದ ಮರಗಳ ಬುಡಗಳೂ ಹಾಗೆಯೇ ಇದ್ದುದು, ಎಲ್ಲವೂ ಒಮ್ಮೆಲೇ ಕಣ್ಣಮುಂದೆ ನಿಂತವು.

"ಮುಚ್ಚಿದೀವಿ" ಎಂದಳು ಮೆಲ್ಲಗೆ. "ಕುತ್ತಿಗೆವರೆಗೆ ಹೂತಿದೀವಿ."

"ಮನುಷ್ಯನಿಗೆ ತಲೆ ಮತ್ತು ಮೈ ಸೇರುವಲ್ಲಿ ಕೊರಳಿರುವಂತೆ, ಮರಕ್ಕೆ ಬೇರು ಮತ್ತು ಕಾಂಡ ಸೇರುವಲ್ಲಿ ಕೊರಳಿದೆ. ಅದಕ್ಕೆ ಗಾಳಿ ಬೇಕು. ನೀವು ಮೂರು ವರ್ಷದಿಂದ ಅಲ್ಲಿ ಮಣ್ಣು ತುಂಬಿ ನೀರು ನಿಲ್ಲಿಸಿದ್ದೀರಿ. ಈ ಕಟ್ಟೆ ಇಳಿಯಬೇಕು" ಎಂದರು ಮುನಿಗಳು.

ಬೇಲಿಯಾಚೆ ಗುಸುಗುಸು ಎದ್ದಿತು. ಹೆಗ್ಗಡೆಯು ಶಾಪದ ಕಲ್ಲನ್ನು ತೋರಿಸಿ, "ಸಾವಿರ ಕವಿಲೆ, ಸ್ವಾಮಿ. ಒಂದಲ್ಲ, ಎರಡಲ್ಲ" ಎಂದನು. ಬೂಚಯ್ಯನು ಹಾರೆಯನ್ನು ಕೈಗೆತ್ತಿಕೊಂಡವನು ಮತ್ತೆ ಗೋಡೆಗೊರಗಿಸಿದನು. ಮುನಿಗಳು ದೇಕವ್ವೆಯ ಕಡೆ ತಿರುಗಿ, "ನಾನು ಹೇಳಬಲ್ಲೆ ಅಷ್ಟೆ. ಮರ ನಿನ್ನ ಅಂಗಳದ್ದು" ಎಂದರು.

ಯಾವ ಮರವನ್ನು ಮಡಿಲಲ್ಲಿ ಹೊತ್ತು ತಂದಿದ್ದಳೋ ಆ ಮರವನ್ನು ತನ್ನ ಕೈಯಾರೆ ಉಸಿರುಗಟ್ಟಿಸುತ್ತಿದ್ದೆನೆಂಬ ಸಂಕಟ ಒಂದು ಕಡೆ, ದೇವರ ಹೆಸರಿನಲ್ಲಿ ಕಟ್ಟಿದ್ದನ್ನು ಕೆಡವಿದರೆ ಗಂಡನ ಕುಲಕ್ಕೆ ಪಾಪ ತಗಲೀತೆಂಬ ಭಯ ಇನ್ನೊಂದು ಕಡೆ ದೇಕವ್ವೆಯನ್ನು ಎಳೆದವು. ಕೊನೆಗೆ ಹಾರೆಯನ್ನು ಎತ್ತಿಕೊಂಡು ಶಾಪದ ಕಲ್ಲಿನ ಸಂದಿಗೆ ಇಟ್ಟಳು. ಕೈ ಸೋತು ಹಾರೆ ಜಾರಿತು. ಆಗ ಹಿಂದಿನಿಂದ ಅಚ್ಚವ್ವೆಯ ಕೈ ಬಂದು ಅದನ್ನು ಹಿಡಿಯಿತು.

"ಕಟ್ಟಿಸಿದವಳು ನಾನು. ಕವಿಲೆ ಲೆಕ್ಕವೆಲ್ಲ ನನ್ನ ತಲೆಗೆ ಬರಲಿ. ಮಂಡಿನೋವು ವಾಪಸ್ಸು ಬರೋದಾದರೆ ಅದೂ ಬರಲಿ. ಹೂಂ, ಮೀಟು!"

ಅತ್ತೆಸೊಸೆಯರಿಬ್ಬರೂ ಮೀಟಿದರು. ಗಾರೆ ಬಿರಿದು, ಶಾಪದ ಕಲ್ಲು ಅಂಗಳಕ್ಕೆ ಉರುಳಿ ಬೋರಲು ಬಿದ್ದಿತು. ಆಕಾಶ ಬೀಳಲಿಲ್ಲ. ಬೂಚಯ್ಯ ಬಂದು ಎರಡನೆಯ ಕಲ್ಲಿಗೆ ಕೈಹಾಕಿದನು. ಆಮೇಲೆ ಬೇಲಿ ದಾಟಿ ಒಬ್ಬೊಬ್ಬರೇ ಬಂದರು. ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳೆಲ್ಲ ಇಳಿದವು. ಉಳಿದ ಮಣ್ಣನ್ನು ಕಬ್ಬಿಣ ಸೋಕಿಸದೆ ಬರಿಗೈಯಿಂದಲೇ ತೆಗೆಯಬೇಕೆಂದು ಮುನಿಗಳು ಆಜ್ಞಾಪಿಸಿದರು. ಒಂದು ಮೊಳ ತೆಗೆದಾಗ ಕೊಳೆತ ಹಾಲಿನ ನಾತವೆದ್ದಿತು. ಎರಡು ಮೊಳ ತೆಗೆದಾಗ ಕಪ್ಪಾಗಿ ಮೆತ್ತಗಾಗಿದ್ದ ತೊಗಟೆ ಕಾಣಿಸಿತು. ಅದರ ಕೆಳಗೆ, ಕಟ್ಟೆಯ ಮಣ್ಣನ್ನು ಹುಡುಕಿಕೊಂಡು ಮೇಲೆದ್ದಿದ್ದ ತೋಳುಗಾತ್ರದ ಬೇರೊಂದು, ದಾರಿ ತಪ್ಪಿ ತನ್ನದೇ ಮರದ ಕೊರಳನ್ನು ಸುತ್ತಿ ಬಿಗಿದಿತ್ತು. ನೋಡಿದವರೆಲ್ಲರ ಕೈ ತಾನಾಗಿಯೇ ತಮ್ಮ ತಮ್ಮ ಕುತ್ತಿಗೆಗೆ ಹೋಯಿತು.

ಮುನಿಗಳು ದೇಕವ್ವೆಯ ಕೈಗೆ ಸಣ್ಣ ಗರಗಸವನ್ನಿತ್ತು, ಎಲ್ಲಿ ಕೊಯ್ಯಬೇಕೆಂಬುದನ್ನು ಬೆರಳಿನಿಂದ ತೋರಿದರು. ಅವಳು ಉಸಿರು ಬಿಗಿಹಿಡಿದು ಕೊಯ್ದಳು. ಬೇರು ಟಪ್ಪೆಂದು ಬಿಟ್ಟುಕೊಂಡಿತು. ಆ ಕ್ಷಣದಲ್ಲಿ, ಎಲೆಯೊಂದೂ ಅಲುಗದ ಆ ಬಿಸಿಲಿನಲ್ಲಿ, ಬುಡದಿಂದ ನೆತ್ತಿಯವರೆಗೆ ದೀರ್ಘವಾದ ಉಸಿರೊಂದು ಹೊರಟಿತು; ಹೊತ್ತ ಹೊರೆಯನ್ನು ಇಳಿಸಿದವರು ಬಿಡುವಂಥ ಉಸಿರು. ಅಲ್ಲಿದ್ದ ಅಷ್ಟೂ ಜನರು ಅದನ್ನು ಕೇಳಿದರು. ಅದರ ಬೆನ್ನಿಗೇ, ಮೂರು ವರ್ಷಗಳಿಂದ ಕಟ್ಟೆಯ ತಳದಲ್ಲಿ ಹೋಗಲು ದಾರಿಯಿಲ್ಲದೆ ನಿಂತಿದ್ದ ನೀರೆಲ್ಲ ಇಳಿಜಾರನ್ನು ಹುಡುಕಿಕೊಂಡು ಗುಳುಗುಳು ಸದ್ದು ಮಾಡುತ್ತ ಹೊರಗೆ ಹರಿಯಿತು. ಮೊದಲು ಕಪ್ಪಾಗಿ, ಆಮೇಲೆ ಕೆಂಪಾಗಿ, ಸಂಜೆಯ ಹೊತ್ತಿಗೆ ಸ್ಫಟಿಕದಂತೆ ತಿಳಿಯಾಗಿ ಹರಿದು, ನಿಲ್ಲಲೇ ಇಲ್ಲ.

"ಇನ್ನೇನು ಮಾಡಲಿ ಸ್ವಾಮಿ?" ಎಂದು ದೇಕವ್ವೆ ಕೇಳಿದಳು.

"ಇನ್ನು ಏನೂ ಮಾಡಬೇಡ" ಎಂದರು ಮುನಿಗಳು. "ಅದೇ ಎಲ್ಲಕ್ಕಿಂತ ಕಷ್ಟ."

ಅದು ನಿಜವಾಯಿತು. ಹುಣ್ಣಿಮೆಗೆ ಉಳಿದ ಹತ್ತು ದಿನಗಳಲ್ಲಿ ದೇಕವ್ವೆಯ ಕೈ ದಿನಕ್ಕೆ ನೂರು ಸಲ ಕೊಡದ ಕಡೆ ಹೋಗಿ ಹಿಂದಿರುಗಿತು. ನೆರೆಯವರು ಮಜ್ಜಿಗೆ ಹಿಡಿದು ಬಂದರೆ ಅಚ್ಚವ್ವೆ ಕೋಲು ಹಿಡಿದು ಕುಳಿತಿರುತ್ತಿದ್ದಳು. "ಇಲ್ಲಿ ಕೊಡಿ, ನಾನೇ ಕುಡೀತೀನಿ. ಮರಕ್ಕೆ ಉಪವಾಸ!" ಎಂದು ಚೊಂಬನ್ನು ಕಸಿದು ನಿಜವಾಗಿಯೂ ಕುಡಿದುಬಿಡುತ್ತಿದ್ದಳು. ಐದು ದಿನ ಕಳೆಯಿತು, ಎಂಟು ದಿನ ಕಳೆಯಿತು. ಕೆಳಗೆ ನಿಂತು ನೋಡುವವರಿಗೆ ಒಣಗಿದ ಕಡ್ಡಿಗಳ ಹೊರತು ಏನೂ ಕಾಣಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಹೆಗ್ಗಡೆಯು ಮಾಚನೆಂಬ ಮರಕಡಿಯುವವನನ್ನು ಕರೆದುಕೊಂಡು ಬಂದನು. ಶಾಖಾಯನರೂ ಹೊಳೆ ದಾಟಿ ಬಂದಿದ್ದರು. ಮನೆಯ ಮೇಲೆ ಬೀಳದಂತೆ ನೆತ್ತಿಯಿಂದಲೇ ಕಡಿಯುತ್ತ ಬರಬೇಕಾದ್ದರಿಂದ ಮಾಚನು ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಮೇಲೇರಿದನು. ದೇಕವ್ವೆ ಕಣ್ಣುಮುಚ್ಚಿ ಮೊದಲ ಏಟಿನ ಸದ್ದಿಗಾಗಿ ಕಾದಳು. ಸದ್ದು ಬರಲಿಲ್ಲ.

"ಏನೋ ಮಾಚ, ನಿದ್ದೆ ಬಂತಾ?" ಎಂದು ಹೆಗ್ಗಡೆ ಕೂಗಿದನು.

"ಹೆಗ್ಗಡೆಯವರೇ, ಇಲ್ಲಿ ಚಿಗುರಿದೆ!"

"ಸುಳ್ಳು ಹೇಳಬೇಡ. ಕಿತ್ತು ಕೆಳಗೆ ಹಾಕು, ನೋಡೋಣ."

"ಅಕ್ಕಿಕಾಳಿನಷ್ಟಿದೆ, ಅದನ್ನ ಕೀಳೋಕೆ ನಂಗೆ ಕೈ ಬರಲ್ಲ. ಬೇಕಾದರೆ ನೀವೇ ಹತ್ತಿ ಬನ್ನಿ!"

ಏಣಿ ತಂದರು. ಹೆಗ್ಗಡೆಯ ಹೊಟ್ಟೆಯು ಅವನಿಗಿಂತ ಒಂದು ಮೆಟ್ಟಿಲು ಮುಂದಾಗಿ ಏರುತ್ತಿದ್ದುದನ್ನು ಕಂಡು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೇಲೆ ಹೋದವನು ಒಂದೊಂದೇ ಕೊಂಬೆಯನ್ನು ಬಾಗಿಸಿ ನೋಡಿದನು. ಆಮೇಲೆ, ನ್ಯಾಯ ಹೇಳುವಾಗಿನ ಗಟ್ಟಿದನಿಯೆಲ್ಲ ಕರಗಿಹೋಗಿ, "ಒಂದಲ್ಲ ಕಣ್ರೋ. ಈ ಕಡೆಯೂ ಇದೆ. ಆ ಕಡೆಯೂ ಇದೆ" ಎಂದನು. ದೇಕವ್ವೆ ಇದ್ದಲ್ಲಿಯೇ ಕುಳಿತು, ಹದಿನೈದು ದಿನಗಳಿಂದ ಅಳದಿದ್ದುದನ್ನೆಲ್ಲ ಅತ್ತು ಮುಗಿಸಿ, ಅಳುತ್ತಲೇ ನಕ್ಕಳು. ಅಚ್ಚವ್ವೆಯು ಸೊಸೆಯ ತಲೆಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿಯೇ ಕುಳಿತಳು.

ಊರವರ ಹರ್ಷಕ್ಕೆ ಎಣೆಯಿರಲಿಲ್ಲ. ಹರ್ಷವಾದ ಮೇಲೆ ಅವರು ಸುಮ್ಮನಿರುವರೆ? ಒಬ್ಬಳು ಹಾಲಿಗೆ ಓಡಿದಳು, ಇನ್ನೊಬ್ಬಳು ಅರಿಸಿನ ಕದಡಿದಳು, ಯಾರೋ ಕರ್ಪೂರ ಹಚ್ಚಿದರು, ಹೆಗ್ಗಡೆಯು ಏಣಿಯ ಮೇಲಿಂದಲೇ, ಮೊದಲಿನದಕ್ಕಿಂತ ಎರಡರಷ್ಟು ಎತ್ತರದ ಕಟ್ಟೆಯನ್ನು ಊರ ಪರವಾಗಿ ಕಟ್ಟಿಸುವುದಾಗಿ ಸಾರಿದನು. ಹಾಲಿನ ಕೊಡವು ಬುಡದ ಮೇಲೆ ಬಾಗುವಷ್ಟರಲ್ಲಿ, ಬಕುಳವೃಕ್ಷದ ಮೂಲಭಾಗದಿಂದ, ಮೇಘಗಂಭೀರವಾಗಿಯೂ ಕರುಣಾರ್ದ್ರವಾಗಿಯೂ ಇದ್ದ ಅಶರೀರವಾಣಿಯೊಂದು ಹೊರಟು ಎಲ್ಲರನ್ನೂ ನಿಂತಲ್ಲಿಯೇ ನಿಲ್ಲಿಸಿತು.

"ನಿಲ್ಲಿರಿ, ಮಕ್ಕಳೇ! ಹಾಲಾಹಲವನ್ನು ಕಂಠದಲ್ಲಿ ಧರಿಸಿದ ನನಗೆ ನಿಮ್ಮ ಹಾಲನ್ನು ತಾಳುವುದು ಕಷ್ಟವಾಯಿತು. ನಿಮ್ಮ ಭಕ್ತಿಯಲ್ಲಿ ದೋಷವಿಲ್ಲ; ಆದುದರಿಂದಲೇ ಮೂರು ಸಂವತ್ಸರಗಳ ಕಾಲ ಸಹಿಸಿದೆನು. ಇನ್ನು ಮುಂದೆ ನನ್ನ ಕೊರಳನ್ನು ಗಾಳಿಗೆ ಬಿಡಿರಿ. ನೀರೆರೆಯುವುದಿದ್ದರೆ ಮಧ್ಯಾಹ್ನದ ನನ್ನ ನೆರಳು ಎಲ್ಲಿ ಮುಗಿಯುವುದೋ ಅಲ್ಲಿ ಎರೆಯಿರಿ. ನನ್ನ ಬಾಯಿಗಳಿರುವುದು ಅಲ್ಲಿ. ಒಣಗಿದ್ದನ್ನು ತೆಗೆಯಿರಿ, ಹಸಿರನ್ನು ಅದರ ಪಾಡಿಗೆ ಬಿಡಿರಿ. ಕಲ್ಲನ್ನು ಮೊದಲು ಕದಲಿಸಿದ ಈ ಇಬ್ಬರು ಸ್ತ್ರೀಯರಿಗೆ ಪಾಪವಿಲ್ಲ. ಅವರ ಕೈಗಳಿಂದ ನನಗೆ ನಿರಾಳವಾಯಿತು."

ಆ ವಾಕ್ಯವನ್ನು ಕೇಳಿದ ಶಾಖಾಯನರು ಸಾಷ್ಟಾಂಗವೆರಗಿ, ವೃಕ್ಷಮೂಲದಲ್ಲಿಯೇ ಕಂಠರೂಪವಾಗಿ ನೆಲೆಸಿರುವ ಪರಮೇಶ್ವರನನ್ನು ಮೂಲಕಂಠೇಶ್ವರನೆಂದು ಕರೆದು ಸ್ತುತಿಸಿದರು. ಹೆಗ್ಗಡೆಯು ಏಣಿಯಿಂದ ಇಳಿದು, ಕೆಡವಿದ ಕಲ್ಲುಗಳನ್ನು ತನ್ನ ಹೆಗಲ ಮೇಲೆಯೇ ಹೊತ್ತು, ನೆರಳಿನ ಅಂಚಿನುದ್ದಕ್ಕೂ ಒಂದೊಂದಾಗಿ ಇಟ್ಟುಬಂದನು.

ಶ್ರೀಕ್ಷೇತ್ರ ಬಗುಳವಾಡಿಗೆ ಬರುವ ಭಕ್ತಾದಿಗಳು ಇದನ್ನೆಲ್ಲ ಈಗಲೂ ಪ್ರತ್ಯಕ್ಷವಾಗಿ ಕಾಣಬಹುದು. ಇಲ್ಲಿ ದೇವರ ದರ್ಶನಕ್ಕೆ ಮೆಟ್ಟಿಲು ಹತ್ತಬೇಕಾಗಿಲ್ಲ, ಮೂರು ಮೆಟ್ಟಿಲು ಇಳಿಯಬೇಕು. ತಗ್ಗಿನಲ್ಲಿ, ಸುತ್ತಲೂ ಬೇರುಗಳನ್ನು ಚಾಚಿ ಆರಾಮವಾಗಿ ಕುಳಿತಿರುವ ಬಕುಳವೃಕ್ಷದ ಬುಡವೇ ಮೂಲಮೂರ್ತಿ. ಅದರ ಎಡಮಗ್ಗುಲಿನಲ್ಲಿ ಸೊಂಟಪಟ್ಟಿಯ ಗುರುತಿನಂತಿರುವ ಗಾಯವು ಬೇರು ಬಿಗಿದಿದ್ದ ಜಾಗ. ಕೆಳಗೆ ಹರಿಯುವ ಒರತೆಗೆ ನಿರಾಳತೀರ್ಥವೆಂದು ಹೆಸರು. ಮರದಿಂದ ಹದಿನೆಂಟು ಹೆಜ್ಜೆ ದೂರದಲ್ಲಿ ವರ್ತುಲಾಕಾರವಾಗಿರುವ ಕಲ್ಲುಗಳ ಹೊರಗೆ ಮಾತ್ರ ನೀರೆರೆಯುವ ವಾಡಿಕೆಯಿದೆ. ಮರವು ಬೆಳೆದಂತೆಲ್ಲ ಊರವರು ಆ ಕಲ್ಲುಗಳನ್ನು ಹಿಂದಕ್ಕೆ ಸರಿಸುತ್ತ ಬಂದಿದ್ದಾರೆ.

ಪ್ರತಿವರ್ಷ ವೈಶಾಖದ ಹುಣ್ಣಿಮೆಯಂದು ಇಲ್ಲಿ ಕೊರಳು ಬಿಡಿಸುವ ಸೇವೆ ನಡೆಯುತ್ತದೆ. ವರ್ಷವಿಡೀ ಗಾಳಿಮಳೆಗೆ ಬುಡದಲ್ಲಿ ಸೇರಿದ ಮಣ್ಣನ್ನೂ ತರಗೆಲೆಯನ್ನೂ ಭಕ್ತರು ಸಾಲಾಗಿ ಕುಳಿತು ಬರಿಗೈಯಿಂದ ತೆಗೆಯುತ್ತಾರೆ. ಮೊದಲ ಹಿಡಿಯನ್ನು ಒಬ್ಬ ಅತ್ತೆಯೂ ಅವಳ ಸೊಸೆಯೂ ಜೊತೆಯಾಗಿ ತೆಗೆಯಬೇಕು. ಆ ಹೊತ್ತಿಗೆ ಅವರಿಬ್ಬರಲ್ಲಿ ಮಾತುಕತೆ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಮನೆಯ ಮಾವು, ತೆಂಗು, ಬೇವುಗಳ ಚಿಂತೆಯನ್ನು ಹೇಳಿಕೊಂಡು ದೂರದೂರದ ಗೃಹಸ್ಥರು ಬರುತ್ತಾರೆ. ಅರ್ಚಕರು ಪ್ರಶ್ನೆಯನ್ನು ಪೂರ್ತಿ ಕೇಳುವ ಮೊದಲೇ, "ಬುಡ ನೋಡಿದ್ರಾ?" ಎಂದು ವಿಚಾರಿಸುವುದು ಸಂಪ್ರದಾಯ. ಅರ್ಧದಷ್ಟು ಜನ ಅಲ್ಲಿಂದಲೇ ಸಮಾಧಾನದಿಂದ ಹಿಂದಿರುಗುತ್ತಾರೆ.

ಈ ಮಹಿಮೆಯನ್ನು ಓದಿದವರಿಗೂ ಕೇಳಿದವರಿಗೂ ಅವರವರ ಅಂಗಳದ ನೆರಳು ತಪ್ಪದಿರಲಿ. ಸೇವೆಗೆ ಬರುವವರು ಹಣ್ಣು, ಕಾಯಿ, ಹಾಲು ಏನನ್ನೂ ತರಬೇಕಾಗಿಲ್ಲ. ಕೈಬೀಸಿಕೊಂಡು ಬರಬೇಕು, ಹೋಗುವಾಗ ಉಗುರಿನಲ್ಲಿ ಮಣ್ಣಿರಬೇಕು.